ಸ್ಕ್ಯಾನ್ ವರದಿ "ನಾರ್ಮಲ್" ಎಂದಿದ್ದರೆ ಮೆದುಳಿಗೆ ಹಾನಿಯಾಗಿಲ್ಲ ಎಂದು ನಂಬಬಹುದೇ? (ಆನುವಂಶಿಕ ಚಯಾಪಚಯ ದೋಷಗಳ ಕುರಿತ ಚರ್ಚೆ)

ಹಿರಿಯಕ್ಕ:

ನನ್ನ ತಮ್ಮನಿಗೆ ಈಗ ಹದಿನಾಲ್ಕು ವರ್ಷ. ಅವನಿಗೆ, ಪ್ರೋಟೀನ್ ಒಡೆದಾಗ ಬರುವ ವಿಷಕಾರಿ ಅಮೋನಿಯಾವನ್ನು ಯೂರಿಯಾ ಆಗಿಸಿ ಹೊರಹಾಕುವ ಯೂರಿಯಾ ಚಕ್ರದ ದೋಷಗಳಲ್ಲಿ ಒಂದಾದ ಓಟಿಸಿ ಕೊರತೆ, ಅಂದರೆ ಆರ್ನಿಥೀನ್ ಟ್ರಾನ್ಸ್‌ಕಾರ್ಬಮೈಲೇಸ್ ಎಂಬ ಕಿಣ್ವದ ಕೊರತೆ, ಇದೆಯೆಂಬುದು ಹನ್ನೆರಡನೆಯ ವಯಸ್ಸಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ಪ್ರೋಟೀನ್ ಹೆಚ್ಚಿರುವ ಆಹಾರವನ್ನು ಅವನು ಚಿಕ್ಕಂದಿನಿಂದಲೂ ತಟ್ಟೆಯ ಅಂಚಿಗೆ ತಳ್ಳುತ್ತಿದ್ದ. ನಾವು ಅದನ್ನು ಹಟವೆಂದುಕೊಂಡು ಗದರುತ್ತಿದ್ದೆವು. ಒಮ್ಮೆ ಜ್ವರ ಬಂದು ಎರಡು ದಿನ ವಾಂತಿಯಾಗಿ, ಮೂರನೆಯ ದಿನ ಅರ್ಥವಿಲ್ಲದ ಮಾತುಗಳನ್ನಾಡಿ, ಆ ರಾತ್ರಿ ಅಲುಗಾಡಿಸಿದರೂ ಏಳದಂತೆ ಮಲಗಿಬಿಟ್ಟಾಗ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಮೆದುಳು ಜ್ವರವೆಂದು ಭಾವಿಸಿ ಚಿಕಿತ್ಸೆ ಆರಂಭಿಸಿದರು. ರಕ್ತದಲ್ಲಿನ ಅಮೋನಿಯಾ ನೋಡಬೇಕೆಂದು ಒಬ್ಬರಿಗೆ ಹೊಳೆದದ್ದು ಹದಿನೆಂಟು ಗಂಟೆಗಳ ಬಳಿಕ. ಅದು 340 ಮೈಕ್ರೋಮೋಲ್ ಇತ್ತು. ಡಯಾಲಿಸಿಸ್ ಆಯಿತು, ಎರಡನೆಯ ದಿನ ಕಣ್ಣು ತೆರೆದ, ಎರಡು ವಾರಗಳ ನಂತರ ನಡೆದುಕೊಂಡೇ ಮನೆಗೆ ಬಂದ.

ಐದನೆಯ ವಾರದಲ್ಲಿ ಮಾಡಿಸಿದ ಎಂಆರ್‌ಐ ವರದಿಯಲ್ಲಿ ಎಲ್ಲವೂ ನಾರ್ಮಲ್ ಎಂದು ಬರೆದಿದ್ದಾರೆ. ಅಂದಿನಿಂದ ನಮಗೆ ಸಿಗುವ ಉತ್ತರ ಒಂದೇ: ಸ್ಕ್ಯಾನ್ ಸರಿಯಾಗಿದೆ, ಚಿಂತೆ ಬೇಡ. ಆದರೆ ಅವನೊಂದಿಗೆ ದಿನವಿಡೀ ಇರುವ ನನಗೆ ಬೇರೆಯದೇ ಕಾಣುತ್ತಿದೆ. ಎರಡು ಕೆಲಸಗಳನ್ನು ಒಟ್ಟಿಗೆ ಹೇಳಿದರೆ ಎರಡನೆಯದು ಅವನ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಮೊದಲು ಬಾಯಲ್ಲೇ ಮಾಡುತ್ತಿದ್ದ ಲೆಕ್ಕಕ್ಕೆ ಈಗ ಕಾಗದ ಬೇಕು. ಬರವಣಿಗೆಯಲ್ಲಿ ಒತ್ತಕ್ಷರಗಳು ಬಿಟ್ಟುಹೋಗುತ್ತವೆ. ತೋರಿಸಿದರೆ ತಕ್ಷಣ ತಿದ್ದುತ್ತಾನೆ, ಅಂದರೆ ಗೊತ್ತಿಲ್ಲವೆಂದಲ್ಲ. ಶಾಲೆಯವರು ಇದಕ್ಕೆ ಸೋಮಾರಿತನವೆಂದು ಹೆಸರಿಟ್ಟಿದ್ದಾರೆ.

ನನ್ನ ಪ್ರಶ್ನೆಗಳು ಎರಡು. ಸ್ಕ್ಯಾನ್‌ನಲ್ಲಿ ಕಾಣದ ಹಾನಿ ಎಂಬುದು ಇರಲು ಸಾಧ್ಯವೇ, ಅಥವಾ ಅಕ್ಕನ ಆತಂಕ ನನ್ನ ಕಣ್ಣಿಗೆ ಇಲ್ಲದ್ದನ್ನು ತೋರಿಸುತ್ತಿದೆಯೇ? ಎರಡನೆಯದು, ಮೆದುಳಿನ ಹಾನಿಯನ್ನು ರಕ್ತದಲ್ಲೇ ಪತ್ತೆಹಚ್ಚುವ ಪರೀಕ್ಷೆಗಳು ಬಂದಿವೆಯಂತೆ. ಅವು ಇವನಂಥವರಿಗೆ ಉಪಯೋಗಕ್ಕೆ ಬರುತ್ತವೆಯೇ?

ನೆರಳುಬೆಳಕು:

ನಾನು ಸ್ಕ್ಯಾನ್‌ಗಳನ್ನು ಓದಿ ವರದಿ ಬರೆಯುವ ಕೆಲಸದಲ್ಲಿದ್ದೇನೆ. ನಿಮ್ಮ ತಮ್ಮನ ಚಿತ್ರಗಳನ್ನು ನೋಡಿಲ್ಲವಾದ್ದರಿಂದ ಅವನ ಬಗ್ಗೆ ತೀರ್ಪು ಕೊಡಲಾರೆ, ಆದರೆ "ನಾರ್ಮಲ್" ಎಂಬ ಪದವನ್ನು ನಾವು ಯಾವ ಅರ್ಥದಲ್ಲಿ ಬರೆಯುತ್ತೇವೆ ಎಂಬುದನ್ನು ಹೇಳಬಲ್ಲೆ. ಸಾಮಾನ್ಯ ಎಂಆರ್‌ಐ ಹೆಚ್ಚಾಗಿ ನೋಡುವುದು ನೀರನ್ನು. ಯಾವ ಭಾಗದಲ್ಲಿ ನೀರು ತುಂಬಿದೆ, ಯಾವ ಭಾಗ ಕುಗ್ಗಿದೆ, ಎಲ್ಲಿ ರಕ್ತ ಸೋರಿದೆ ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ. ಜೀವಕೋಶಗಳ ಒಳಗಿನ ರಾಸಾಯನಿಕ ಏರುಪೇರಾಗಲಿ, ನರತಂತುಗಳ ಸೂಕ್ಷ್ಮ ರಚನೆಯಲ್ಲಿ ಆಗಿರುವ ಸಡಿಲಿಕೆಯಾಗಲಿ ಅದರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಆ ಪದದ ಸರಿಯಾದ ಅರ್ಥ, ಈ ದಿನ ಈ ವಿಧಾನಗಳಿಗೆ ಕಾಣುವಂಥದ್ದು ಏನೂ ಇಲ್ಲ ಎಂಬುದಷ್ಟೇ.

ಇನ್ನೊಂದು ಮಾತು ಸಮಯಕ್ಕೆ ಸಂಬಂಧಿಸಿದ್ದು. ಅಮೋನಿಯಾ ಏರಿ ಮೆದುಳಿನ ಹೊರಪದರ ಊದಿಕೊಂಡಾಗ, ನೀರಿನ ಅಣುಗಳ ಚಲನೆಯನ್ನು ಅಳೆಯುವ ಡಿಫ್ಯೂಷನ್ ಚಿತ್ರಗಳಲ್ಲಿ ಆ ಭಾಗ ಬೆಳ್ಳಗೆ ಹೊಳೆಯುತ್ತದೆ. ದೊಡ್ಡ ಮಕ್ಕಳಲ್ಲಿ ಮತ್ತು ವಯಸ್ಕರಲ್ಲಿ ಇನ್ಸುಲಾ ಹಾಗೂ ಸಿಂಗ್ಯುಲೇಟ್ ಎಂಬ ಪ್ರದೇಶಗಳಲ್ಲಿ ಇದು ಎರಡೂ ಬದಿಗೆ ಒಂದೇ ರೀತಿ ಕಾಣುವುದುಂಟು. ಆದರೆ ಆ ಹೊಳಪು ಉಳಿಯುವುದಿಲ್ಲ. ಸುಮಾರು ಒಂದು ವಾರದಿಂದ ಹತ್ತು ದಿನಗಳ ಹೊತ್ತಿಗೆ ಅದು ಮಾಯವಾಗತೊಡಗಿ, ಚಿತ್ರ ಸುಳ್ಳೇ ಸಹಜವೆನಿಸುವ ಒಂದು ಹಂತವನ್ನು ದಾಟುತ್ತದೆ. ಹಾನಿ ದೊಡ್ಡದಾಗಿದ್ದರೆ ತಿಂಗಳುಗಳ ನಂತರ ಆ ಭಾಗ ಕುಗ್ಗಿರುವುದು ಕಾಣಬಹುದು. ಚಿಕ್ಕದಾಗಿದ್ದರೆ ಏನೂ ಕಾಣದೆಯೂ ಇರಬಹುದು. ಐದನೆಯ ವಾರದಲ್ಲಿ ತೆಗೆದ ಒಂದೇ ಒಂದು ಸ್ಕ್ಯಾನ್, ಮಳೆ ನಿಂತು ನೆಲ ಒಣಗಿದ ಮೇಲೆ ಮಳೆ ಬಂದಿತ್ತೇ ಎಂದು ಕೇಳಿದಂತೆ.

ಇದರ ತಿರುವುಮುರುವು ಕೂಡ ನಿಜ, ಮತ್ತು ಅದನ್ನು ಹೇಳದಿದ್ದರೆ ಇಲ್ಲಿ ಓದುವ ಬೇರೆ ಪೋಷಕರು ಸುಮ್ಮನೆ ಹೆದರಿಯಾರು. ಮೇಪಲ್ ಸಿರಪ್ ಮೂತ್ರ ಕಾಯಿಲೆ (ಲ್ಯೂಸಿನ್ ಮುಂತಾದ ಅಮೈನೋ ಆಮ್ಲಗಳನ್ನು ದೇಹ ಒಡೆಯಲಾರದ ದೋಷ) ಇರುವ ನವಜಾತ ಶಿಶುಗಳಲ್ಲಿ, ಆ ವಯಸ್ಸಿಗಾಗಲೇ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಪಡೆದಿರುವ ಭಾಗಗಳು, ಅಂದರೆ ಮೆದುಳುಕಾಂಡ ಮತ್ತು ಕಿರುಮೆದುಳಿನ ಬಿಳಿ ಭಾಗ, ಡಿಫ್ಯೂಷನ್ ಚಿತ್ರದಲ್ಲಿ ಭಯಂಕರವಾಗಿ ಹೊಳೆಯುತ್ತವೆ. ಪಾರ್ಶ್ವವಾಯು ಆದವರ ಚಿತ್ರದಲ್ಲಿ ಅಂಥ ಹೊಳಪು ಕಂಡರೆ ಆ ಭಾಗ ಸತ್ತಿತೆಂದೇ ಬಹುಮಟ್ಟಿಗೆ ಲೆಕ್ಕ. ಇಲ್ಲಿ ಹಾಗಲ್ಲ, ಮೈಲಿನ್ ಪದರಗಳ ನಡುವೆ ನೀರು ಸೇರಿಕೊಂಡಿರುವುದರಿಂದ ಬರುವ ಹೊಳಪು ಅದು, ಲ್ಯೂಸಿನ್ ಪ್ರಮಾಣವನ್ನು ಬೇಗ ಇಳಿಸಿದರೆ ಬಹಳಷ್ಟು ಮರೆಯಾಗುತ್ತದೆ. ಪಿಕೆಯು (ಫಿನೈಲ್ ಅಲನಿನ್ ಎಂಬ ಅಮೈನೋ ಆಮ್ಲವನ್ನು ದೇಹ ಒಡೆಯಲಾರದ ದೋಷ) ಇರುವ ವಯಸ್ಕರಲ್ಲಿ ಮೆದುಳಿನ ಕುಹರಗಳ ಸುತ್ತ ಕಾಣುವ ಬಿಳಿ ಮಚ್ಚೆಗಳೂ ಹಾಗೆಯೇ: ಪಥ್ಯವನ್ನು ಬಿಗಿಗೊಳಿಸಿ ಕೆಲವು ತಿಂಗಳು ಫಿನೈಲ್ ಅಲನಿನ್ ಇಳಿಸಿಟ್ಟರೆ ಅವು ಕಡಿಮೆಯಾಗುತ್ತವೆ.

ನೇರಪ್ರಶ್ನೆ:

ಪಿಕೆಯು ಇರುವ ನನ್ನ ಸಂಬಂಧಿಕರೊಬ್ಬರ ಸ್ಕ್ಯಾನ್‌ನಲ್ಲಿ ಅಂಥ ಮಚ್ಚೆಗಳು ಬಹಳವಿವೆ. ಮಚ್ಚೆ ಹೆಚ್ಚಿದ್ದಷ್ಟೂ ಬುದ್ಧಿಶಕ್ತಿ ಕಡಿಮೆ ಎಂದು ಎಲ್ಲೋ ಓದಿದ್ದೆ. ಅದು ನಿಜವೇ?

ನೆರಳುಬೆಳಕು:

ನಿಜವಲ್ಲ. ಮಚ್ಚೆಗಳ ವಿಸ್ತಾರಕ್ಕೂ ಬುದ್ಧಿಪರೀಕ್ಷೆಯ ಅಂಕಕ್ಕೂ ಇರುವ ಸಂಬಂಧ ತೀರ ದುರ್ಬಲವಾದದ್ದು. ಅವು ಇತ್ತೀಚಿನ ತಿಂಗಳುಗಳ ಪಥ್ಯದ ಸ್ಥಿತಿಯನ್ನು ಹೆಚ್ಚು ಹೇಳುತ್ತವೆ. ಬುದ್ಧಿಶಕ್ತಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಬಾಲ್ಯದ ಮೊದಲ ವರ್ಷಗಳಲ್ಲಿ ಫಿನೈಲ್ ಅಲನಿನ್ ಎಷ್ಟಿತ್ತು ಎಂಬುದು. ಮಚ್ಚೆ ಎಣಿಸಿ ಮನುಷ್ಯನನ್ನು ಅಳೆಯುವ ಅಭ್ಯಾಸ ನಮ್ಮ ವೃತ್ತಿಯಲ್ಲೂ ಕೆಲವರಿಗಿದೆ, ಒಪ್ಪಿಕೊಳ್ಳುತ್ತೇನೆ.

ಪುಟ್ಟಿಯ ಅಪ್ಪ:

ಪ್ರತಿಯೊಂದು ದೋಷಕ್ಕೂ ಮೆದುಳಿನಲ್ಲಿ ತನ್ನದೇ ಒಂದು ಗುರಿಸ್ಥಾನ ಇರುತ್ತದೆ ಎಂಬುದನ್ನು ನಾನು ಕಷ್ಟಪಟ್ಟು ಕಲಿತೆ. ನನ್ನ ಮಗಳಿಗೆ ಗ್ಲುಟಾರಿಕ್ ಅಸಿಡ್ಯೂರಿಯಾ ಒಂದನೆಯ ವಿಧ, ಅಂದರೆ ಕೆಲವು ಅಮೈನೋ ಆಮ್ಲಗಳನ್ನು ಪೂರ್ತಿ ಒಡೆಯಲಾಗದೆ ಗ್ಲುಟಾರಿಕ್ ಆಮ್ಲ ದೇಹದಲ್ಲಿ ಸೇರಿಕೊಳ್ಳುವ ದೋಷ. ಹುಟ್ಟಿದಾಗ ತಲೆಯ ಸುತ್ತಳತೆ ಹೆಚ್ಚಿತ್ತು, ಅಷ್ಟೇ. ಎಂಟನೆಯ ತಿಂಗಳಲ್ಲಿ ಮಂಚದಿಂದ ಬಿದ್ದಳೆಂದು ಮಾಡಿಸಿದ ಸ್ಕ್ಯಾನ್‌ನಲ್ಲಿ ಮೆದುಳಿನ ಹೊರಗೆ ಹಳೆಯ ರಕ್ತ ನಿಂತಿರುವುದು ಕಂಡಿತು. ಮುಂದಿನ ಮೂರು ವಾರ ನಮ್ಮನ್ನು ಮಗುವನ್ನು ಹೊಡೆದವರಂತೆ ನೋಡಿದರು. ನನ್ನ ಹೆಂಡತಿಯನ್ನು ಬೇರೆ ಕೋಣೆಯಲ್ಲಿ ಕೂರಿಸಿ ವಿಚಾರಿಸಿದರು. ಕೊನೆಗೆ ಇನ್ನೊಬ್ಬ ವೈದ್ಯರು ಅದೇ ಚಿತ್ರಗಳನ್ನು ನೋಡಿ, ಹಣೆ ಮತ್ತು ಕಣತಲೆಯ ಭಾಗದ ಮೆದುಳು ಪೂರ್ಣ ಬೆಳೆಯದೆ ಪಕ್ಕದ ಸೀಳುಗಳು ಅಗಲವಾಗಿ ತೆರೆದುಕೊಂಡಿರುವುದನ್ನು ತೋರಿಸಿ, ಈ ರೋಗದಲ್ಲಿ ಆ ಜಾಗದ ಸಣ್ಣ ರಕ್ತನಾಳಗಳು ಎಳೆತಕ್ಕೆ ಸಿಕ್ಕಿ ಅಲ್ಪ ಪೆಟ್ಟಿಗೂ ಸೋರುತ್ತವೆ ಎಂದು ವಿವರಿಸಿದರು.

ನಾನು ಹೇಳಬೇಕೆಂದದ್ದು ಆ ಅವಮಾನದ ಕಥೆಯನ್ನಲ್ಲ. ಆ ವೈದ್ಯರು ಆಗಲೇ ನಮಗೆ ಹೇಳಿದ್ದರು: ಮೆದುಳಿನ ಆಳದಲ್ಲಿದ್ದು ಚಲನೆಯನ್ನು ಹತೋಟಿಯಲ್ಲಿಡುವ ಸ್ಟ್ರೈಯೇಟಮ್ ಎಂಬ ಭಾಗ ಇನ್ನೂ ಸರಿಯಾಗಿದೆ, ಮೂರು ತಿಂಗಳಿನಿಂದ ಮೂರು ವರ್ಷದವರೆಗಿನ ಅವಧಿಯಲ್ಲಿ ಜ್ವರ, ವಾಂತಿ, ಉಪವಾಸಗಳ ಸಮಯದಲ್ಲಿ ಅದು ಒಂದೆರಡು ದಿನಗಳಲ್ಲೇ ಹೋಗಿಬಿಡಬಹುದು, ಆರು ವರ್ಷ ದಾಟಿದ ಮೇಲೆ ಹಾಗಾಗುವುದು ತೀರ ಅಪರೂಪ. ಆದ್ದರಿಂದ ನಮ್ಮ ಮಟ್ಟಿಗೆ ಪತ್ತೆ ಎಂದರೆ ಸ್ಕ್ಯಾನ್‌ಗಾಗಿ ಕಾಯುವುದಲ್ಲ. ಸ್ಟ್ರೈಯೇಟಮ್‌ಗೆ ಆದ ಹಾನಿ ಸ್ಕ್ಯಾನ್‌ನಲ್ಲಿ ಕಾಣುವ ಹೊತ್ತಿಗೆ ಮಾಡಬಹುದಾದದ್ದು ಮುಗಿದಿರುತ್ತದೆ. ಜ್ವರದ ಮೊದಲ ಗಂಟೆಗಳಲ್ಲೇ ತುರ್ತು ಆಹಾರಕ್ರಮ, ಕುಡಿದದ್ದು ಉಳಿಯದಿದ್ದರೆ ಕೂಡಲೇ ಆಸ್ಪತ್ರೆ. ಪುಟ್ಟಿಗೆ ಈಗ ಏಳು ವರ್ಷ. ಓಡುತ್ತಾಳೆ.

ಹನಿರಕ್ತ:

ನಾನು ಜೀವರಸಾಯನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ರಕ್ತಪರೀಕ್ಷೆಯ ಪ್ರಶ್ನೆಗೆ ಉತ್ತರಿಸಲು ಯತ್ನಿಸುತ್ತೇನೆ. ಸ್ವಲ್ಪ ದೀರ್ಘವಾಗಬಹುದು, ಏಕೆಂದರೆ ಈ ವಿಷಯದಲ್ಲಿ ಅರ್ಧ ತಿಳಿವಳಿಕೆಯಿಂದ ಆಗುವ ಅನರ್ಥ ಹೆಚ್ಚು.

ಮೊದಲಿಗೆ, ರೋಗದ ಗುರುತನ್ನೂ ಹಾನಿಯ ಗುರುತನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಅಮೋನಿಯಾ, ಲ್ಯೂಸಿನ್, ಫಿನೈಲ್ ಅಲನಿನ್, ಕಾರ್ನಿಟಿನ್ ಸಂಯುಕ್ತಗಳು ಇವೆಲ್ಲ ಮೆದುಳಿಗೆ ಒದಗಿರುವ ಅಪಾಯವನ್ನು ಹೇಳುತ್ತವೆಯೇ ಹೊರತು ಆಗಿಹೋದ ಹಾನಿಯನ್ನಲ್ಲ. ಅಮೋನಿಯಾದ ವಿಷಯದಲ್ಲಂತೂ ಸಂಖ್ಯೆ ನಂಬಲು ಅರ್ಹವೇ ಎಂಬುದನ್ನೇ ಮೊದಲು ಕೇಳಬೇಕಾಗುತ್ತದೆ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ 50 ಮೈಕ್ರೋಮೋಲ್‌ಗಿಂತ ಕೆಳಗಿರುತ್ತದೆ. ರಕ್ತ ತೆಗೆಯುವಾಗ ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿದರೆ, ಮಗು ಒದ್ದಾಡಿದರೆ, ಮಾದರಿಯನ್ನು ಮಂಜುಗಡ್ಡೆಯ ಮೇಲಿಡದೆ ಅರ್ಧ ಗಂಟೆ ಮೇಜಿನ ಮೇಲೆ ಬಿಟ್ಟರೆ ಅದು ತಾನಾಗಿಯೇ ಏರುತ್ತದೆ. ಸಂಖ್ಯೆ ಸರಿಯಾಗಿದ್ದರೂ ಅದು ಆ ಕ್ಷಣದ್ದು ಮಾತ್ರ. ನವಜಾತ ಶಿಶುಗಳಲ್ಲಿ ಮುಂದಿನ ಬೆಳವಣಿಗೆಯನ್ನು ಹೇಳುವುದರಲ್ಲಿ ಅಮೋನಿಯಾ ಎಷ್ಟಕ್ಕೇರಿತ್ತು ಎಂಬುದರಷ್ಟೇ, ಪ್ರಜ್ಞೆಯಿಲ್ಲದ ಸ್ಥಿತಿ ಎಷ್ಟು ಕಾಲ ಮುಂದುವರಿಯಿತು ಎಂಬುದೂ ಮುಖ್ಯ. ಆ ಹದಿನೆಂಟು ಗಂಟೆಗಳ ಬಗ್ಗೆ ನೀವು ಬರೆದದ್ದನ್ನು ಓದಿ ನನಗೆ ಸಂಕಟವಾಯಿತು. ಕಾರಣ ತಿಳಿಯದ ಪ್ರಜ್ಞಾಹೀನತೆಯಲ್ಲಿ ಅಮೋನಿಯಾ ಮೊದಲ ಪಟ್ಟಿಯ ಪರೀಕ್ಷೆಯಾಗಬೇಕು, ಅದರಲ್ಲೂ ರಕ್ತದ ಅನಿಲ ಪರೀಕ್ಷೆಯಲ್ಲಿ ಕ್ಷಾರೀಯತೆ ಕಂಡು, ರೋಗಿ ವೇಗವಾಗಿ ಉಸಿರಾಡುತ್ತಿದ್ದರೆ.

ಇನ್ನು ಹಾನಿಯ ಗುರುತುಗಳು. ನರತಂತುವಿನ ಒಳಗಂಬಿಯಂತಿರುವ ಒಂದು ಪ್ರೋಟೀನ್, ನ್ಯೂರೋಫಿಲಮೆಂಟ್ ಲೈಟ್, ತಂತು ಮುರಿದಾಗ ಮೆದುಳಿನ ಸುತ್ತಲಿನ ದ್ರವಕ್ಕೆ ಸೋರಿ, ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೂ ಬರುತ್ತದೆ. ಅದನ್ನು ಮಿಲಿಲೀಟರಿಗೆ ಇಷ್ಟು ಪಿಕೋಗ್ರಾಂ ಎಂದು ಅಳೆಯುವ ಸೂಕ್ಷ್ಮ ವಿಧಾನಗಳು ಈಗ ಇವೆ. ನಕ್ಷತ್ರಾಕಾರದ ಪೋಷಕ ಕೋಶಗಳಾದ ಆಸ್ಟ್ರೋಸೈಟ್‌ಗಳಿಂದ ಬರುವುದು ಜಿಎಫ್‌ಎಪಿ. ನರಕೋಶಗಳ ಒಡಲಿನಿಂದ ಬರುವುದು ಯುಸಿಎಚ್‌ಎಲ್-1. ಈ ಕೊನೆಯ ಎರಡನ್ನು ಜೋಡಿಯಾಗಿ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಅನುಮತಿ ಕೊಟ್ಟಿತು, ಆದರೆ ಅದು ತಲೆಗೆ ಪೆಟ್ಟಾದ ವಯಸ್ಕರಿಗೆ ಸಿಟಿ ಸ್ಕ್ಯಾನ್ ಬೇಕೇ ಬೇಡವೇ ಎಂದು ನಿರ್ಧರಿಸಲು ಮಾತ್ರ. ಅಮೋನಿಯಾದಿಂದ ಊದಿಕೊಂಡ ಮೆದುಳು ಪೆಟ್ಟು ತಿಂದ ಮೆದುಳಿನಂತೆಯೇ ವರ್ತಿಸಬೇಕೆಂಬ ನಿಯಮವೇನೂ ಇಲ್ಲ. ಅಮೋನಿಯಾವನ್ನು ಗ್ಲುಟಮೈನ್ ಆಗಿ ಮಾರ್ಪಡಿಸುವ ಕಿಣ್ವ ಇರುವುದು ಆಸ್ಟ್ರೋಸೈಟ್‌ಗಳಲ್ಲಿ. ಮೊದಲು ಊದುವುದೂ ಅವೇ. ಹಾಗಾದರೆ ಜಿಎಫ್‌ಎಪಿ ಏರಬೇಕಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ದೀರ್ಘಕಾಲ ಅಮೋನಿಯಾದಲ್ಲಿ ನೆನೆದ ಆಸ್ಟ್ರೋಸೈಟ್‌ಗಳು ಆ ಪ್ರೋಟೀನನ್ನು ಕಡಿಮೆ ತೋರಿಸುತ್ತವೆ ಎಂಬುದು ಸೂಕ್ಷ್ಮದರ್ಶಕದ ಕೆಳಗೆ ಹಿಂದೆಯೇ ಕಂಡ ಸಂಗತಿ.

ನೇರಪ್ರಶ್ನೆ:

ಇಷ್ಟೆಲ್ಲ ಗೊಂದಲವಿದ್ದರೂ ರಕ್ತಪರೀಕ್ಷೆ ಸುಲಭವಲ್ಲವೇ? ಮಕ್ಕಳನ್ನು ಅರಿವಳಿಕೆ ಕೊಟ್ಟು ಯಂತ್ರದೊಳಗೆ ಮಲಗಿಸುವ ಬದಲು ಆರು ತಿಂಗಳಿಗೊಮ್ಮೆ ಎರಡು ಮಿಲಿಲೀಟರ್ ರಕ್ತ ತೆಗೆದು ನ್ಯೂರೋಫಿಲಮೆಂಟ್ ನೋಡಿದರೆ ಸಾಲದೇ?

ಹನಿರಕ್ತ:

ಸಾಲದು, ಮತ್ತು ಏಕೆಂಬುದಕ್ಕೆ ಮಿಥೈಲ್ ಮೆಲೋನಿಕ್ ಅಸಿಡೀಮಿಯಾ (ಮಿಥೈಲ್ ಮೆಲೋನಿಕ್ ಆಮ್ಲ ರಕ್ತದಲ್ಲಿ ಸೇರಿಕೊಳ್ಳುವ ಇನ್ನೊಂದು ಚಯಾಪಚಯ ದೋಷ) ಒಳ್ಳೆಯ ಉದಾಹರಣೆ. ಆ ರೋಗದಲ್ಲಿ ಗ್ಲೋಬಸ್ ಪ್ಯಾಲಿಡಸ್ ಎಂಬ ಪುಟ್ಟ ಭಾಗ ಹಠಾತ್ತನೆ ಹಾಳಾಗುವ ಸಂಭವವಿದೆ, ಹಾಗಾಗಿ ಹಾನಿಯ ಗುರುತು ಬೇಕೇಬೇಕು. ಆದರೆ ಅದೇ ರೋಗದಲ್ಲಿ ವರ್ಷಗಳು ಕಳೆದಂತೆ ಮೂತ್ರಪಿಂಡವೂ ಸೋಲುತ್ತದೆ, ಮೂತ್ರಪಿಂಡ ಸೋತಾಗ ನ್ಯೂರೋಫಿಲಮೆಂಟ್ ರಕ್ತದಲ್ಲಿ ಉಳಿದುಕೊಂಡು ಏರುತ್ತದೆ. ಏರಿದ ಸಂಖ್ಯೆಯನ್ನು ಕೈಯಲ್ಲಿ ಹಿಡಿದವರು ಮೆದುಳಿಗಾಗಿ ಅಳಬೇಕೋ ಮೂತ್ರಪಿಂಡವನ್ನು ನೋಡಬೇಕೋ? ಮೂತ್ರಪಿಂಡದ ಸ್ಥಿತಿಯನ್ನು ಹೇಳುವ ಕ್ರಿಯಾಟಿನಿನ್ ಅಳತೆ ಇಲ್ಲದೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ಆಮೇಲೆ ವಯಸ್ಸು: ನವಜಾತ ಶಿಶುಗಳಲ್ಲಿ ಅದು ಹೆಚ್ಚಿದ್ದು, ಬಾಲ್ಯದಲ್ಲಿ ಇಳಿದು, ದೊಡ್ಡವರಾದಂತೆ ಮತ್ತೆ ಏರುತ್ತದೆ. ದೇಹದ ತೂಕ ಹೆಚ್ಚಿದವರಲ್ಲಿ ರಕ್ತದ ಪ್ರಮಾಣ ಹೆಚ್ಚಿರುವುದರಿಂದ ತೆಳುವಾಗುತ್ತದೆ. ಹಳೆಯ ಗುರುತುಗಳೂ ಹೀಗೆಯೇ ಮೋಸ ಮಾಡುತ್ತವೆ. ಎಸ್-100ಬಿ ಕೊಬ್ಬಿನಿಂದಲೂ ಬರುತ್ತದೆ, ಎನ್‌ಎಸ್‌ಇ ಕೆಂಪು ರಕ್ತಕಣಗಳಲ್ಲಿಯೂ ಇರುವುದರಿಂದ ಮಾದರಿಯಲ್ಲಿ ಕಣಗಳು ಒಡೆದರೆ ಏರಿಬಿಡುತ್ತದೆ.

ಹಾಗೆಂದು ನಾನು ಇದನ್ನು ತಳ್ಳಿಹಾಕುವವನಲ್ಲ. ಹಾನಿಯಾದ ಮೇಲೆ ನ್ಯೂರೋಫಿಲಮೆಂಟ್ ದಿನಗಳಿಂದ ವಾರಗಳವರೆಗೆ ನಿಧಾನವಾಗಿ ಏರಿ ತಿಂಗಳುಗಟ್ಟಲೆ ಉಳಿಯುತ್ತದೆ. ಈ ನಿಧಾನವೇ ಅದರ ಗುಣ. ಒಬ್ಬನೇ ವ್ಯಕ್ತಿಯಲ್ಲಿ, ಆರೋಗ್ಯವಾಗಿದ್ದಾಗ ಒಮ್ಮೆ, ಬಿಕ್ಕಟ್ಟಿನ ನಂತರ ಮತ್ತೊಮ್ಮೆ, ಅದೇ ಪ್ರಯೋಗಾಲಯದಲ್ಲಿ ಅಳೆದರೆ ಅದು ಏನಾದರೂ ಹೇಳಬಲ್ಲದು. ಬಿಕ್ಕಟ್ಟಿನ ನಂತರ ಮಾತ್ರ ಒಮ್ಮೆ ಅಳೆದು ಬೇರೆಯವರ ಸರಾಸರಿಯ ಪಕ್ಕದಲ್ಲಿಟ್ಟರೆ ಹೆಚ್ಚೇನೂ ಹೇಳದು.

ಆರು ತಿಂಗಳಿಗೊಮ್ಮೆ:

ನನ್ನ ಹೆಸರೇ ಇಲ್ಲಿ ಉತ್ತರವಾಗಬಹುದು. ನನ್ನ ಮಗನಿಗೆ ಅಡ್ರಿನೋಲ್ಯೂಕೋಡಿಸ್ಟ್ರೋಫಿಯ, ಅಂದರೆ ಮೆದುಳಿನ ಬಿಳಿ ಭಾಗವನ್ನು ಹಾಳುಮಾಡಬಲ್ಲ ಆನುವಂಶಿಕ ರೋಗದ, ಜೀನ್ ಇದೆ, ಮೆದುಳಿನ ರೋಗ ಇನ್ನೂ ಶುರುವಾಗಿಲ್ಲ. ಅವನ ಮಾವನಿಗೆ, ಅಂದರೆ ನನ್ನ ತಮ್ಮನಿಗೆ, ಎಂಟನೆಯ ವಯಸ್ಸಿನಲ್ಲಿ ಶಾಲೆಯಲ್ಲಿ ಗಮನ ತಪ್ಪುತ್ತಿದೆ ಎಂದು ದೂರು ಬಂದು, ಆಮೇಲೆ ಕಣ್ಣು, ಆಮೇಲೆ ನಡಿಗೆ, ಎರಡು ವರ್ಷಗಳಲ್ಲಿ ಎಲ್ಲವೂ ಹೋಯಿತು. ಆ ರೋಗದಲ್ಲಿ ಲಕ್ಷಣಗಳಿಗಿಂತ ಮೊದಲೇ ಸ್ಕ್ಯಾನ್‌ನಲ್ಲಿ ಕಾಣುತ್ತದೆ, ಸಾಮಾನ್ಯವಾಗಿ ಮೆದುಳಿನ ಎರಡು ಅರ್ಧಗಳನ್ನು ಜೋಡಿಸುವ ಸೇತುವೆಯ ಹಿಂತುದಿಯಲ್ಲಿ. ಆ ಹಂತದಲ್ಲಿ ಹಿಡಿದರೆ ಅಸ್ಥಿಮಜ್ಜೆಯ ಕಸಿ ಅದನ್ನು ತಡೆಯಬಲ್ಲದು. ಕೈಕಾಲಿಗೆ ಇಳಿದ ಮೇಲೆ ಕಸಿಯಿಂದ ಪ್ರಯೋಜನ ಅತ್ಯಲ್ಪ. ಆದ್ದರಿಂದ ಅಪಾಯದ ವಯಸ್ಸು ದಾಟುವವರೆಗೆ ಆರು ತಿಂಗಳಿಗೊಮ್ಮೆ ಎಂಆರ್‌ಐ. ಹಾನಿಯನ್ನು 0ಯಿಂದ 34ರವರೆಗಿನ ಲೋಸ್ ಅಂಕದಲ್ಲಿ ಬರೆಯುತ್ತಾರೆ; ನಾನು ಪ್ರತಿ ಸಲ ವರದಿಯಲ್ಲಿ ಹುಡುಕುವುದು ಆ ಸೊನ್ನೆಯನ್ನು.

ಸ್ಕ್ಯಾನ್ ಏನೂ ಹೇಳುವುದಿಲ್ಲ ಎಂದು ಇಲ್ಲಿ ಓದಿ ಯಾರೂ ಅದನ್ನು ಬಿಡಬಾರದೆಂದು ಇದನ್ನು ಬರೆದೆ. ನಮ್ಮ ರೋಗದಲ್ಲಿ ಅದೇ ಎಲ್ಲವನ್ನೂ ಹೇಳುತ್ತದೆ.

ನೆರಳುಬೆಳಕು:

ಬಹಳ ಸರಿಯಾದ ತಿದ್ದುಪಡಿ. ಒಂದು ಮಾತು ಸೇರಿಸುತ್ತೇನೆ: ಆ ರೋಗದಲ್ಲಿ ಮಚ್ಚೆ ಕಂಡಾಗ ಚಿತ್ರದಲ್ಲಿ ಹೊಳೆಯುವ ಗ್ಯಾಡೋಲಿನಿಯಮ್ ಎಂಬ ಮದ್ದನ್ನು ಚುಚ್ಚಿ ಮಚ್ಚೆಯ ಅಂಚು ಬೆಳಗುತ್ತದೆಯೇ ಎಂದು ನೋಡುವುದು ಅತ್ಯಗತ್ಯ, ಏಕೆಂದರೆ ಬೆಳಗುವ ಅಂಚು ಎಂದರೆ ರೋಗ ಮುನ್ನುಗ್ಗುತ್ತಿದೆ ಎಂದು. ಯೂರಿಯಾ ಚಕ್ರದ ದೋಷದಲ್ಲಿ ಅದೇ ಚುಚ್ಚುಮದ್ದಿನಿಂದ ಹೆಚ್ಚಿನ ಲಾಭವಿಲ್ಲ.

ಮೌನವಾಹಕಿ:

ನಾನು ಓಟಿಸಿ ಜೀನಿನ ವಾಹಕಿ. ಆ ಜೀನ್ ಎಕ್ಸ್ ವರ್ಣತಂತುವಿನಲ್ಲಿ ಇರುವುದರಿಂದ ಹುಡುಗರಿಗೆ ರೋಗ, ಹೆಣ್ಣುಮಕ್ಕಳಿಗೆ ಏನೂ ಇಲ್ಲ ಎಂದು ಹೇಳುತ್ತಿದ್ದ ಕಾಲದಲ್ಲಿ ಬೆಳೆದವಳು. ಹೆಣ್ಣಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಮೌನವಾಗುತ್ತದೆ, ಯಕೃತ್ತಿನ ಯಾವ ಕೋಶದಲ್ಲಿ ಯಾವುದು ಎಂಬುದು ಅದೃಷ್ಟದಾಟ. ನನ್ನ ತಂಗಿಗೆ ಏನೂ ಆಗಿಲ್ಲ, ನನಗೆ ಹೆರಿಗೆಯಾದ ಒಂಬತ್ತನೆಯ ದಿನ ಮಾತು ತೊದಲಿ, ಮನೆಯವರನ್ನೇ ಗುರುತಿಸಲಾರದಂತಾಯಿತು. ಬಾಣಂತಿಯ ಮನೋವಿಕಾರವೆಂದು ನಿದ್ರೆಯ ಮಾತ್ರೆ ಕೊಟ್ಟರು. ಗರ್ಭಕೋಶ ಕುಗ್ಗುವಾಗ ಒಡೆಯುವ ಪ್ರೋಟೀನಿನ ಹೊರೆಯಿಂದ, ಹೆರಿಗೆಯಾದ ಮೊದಲೆರಡು ವಾರಗಳಲ್ಲಿ ವಾಹಕಿಯರಿಗೆ ಹೀಗಾಗಬಹುದೆಂಬುದು ಗೊತ್ತಿರುವ ವಿಷಯವೇ ಆಗಿತ್ತು, ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಅಪಸ್ಮಾರಕ್ಕೆ ಕೊಡುವ ವ್ಯಾಲ್‌ಪ್ರೋಯೇಟ್ ಕೂಡ ನಮ್ಮಂಥವರಿಗೆ ಆಗದು, ಅದನ್ನು ಕೈಪಟ್ಟಿಯಲ್ಲಿ ಬರೆಸಿಕೊಂಡಿದ್ದೇನೆ.

ಹಿರಿಯಕ್ಕನವರೇ, ನಿಮ್ಮ ತಮ್ಮನ ಬಗ್ಗೆ ನೀವು ಬರೆದದ್ದು ನನ್ನ ಬಗ್ಗೆಯೇ ಬರೆದಂತಿತ್ತು. ನನ್ನ ಬುದ್ಧಿಪರೀಕ್ಷೆಯ ಅಂಕ ಸರಾಸರಿಗಿಂತ ಹೆಚ್ಚು, ಸ್ಕ್ಯಾನ್ ನಾರ್ಮಲ್. ಆದರೂ ಮಗು ಅಳುವಾಗ ದೂರವಾಣಿಯಲ್ಲಿ ಹೇಳಿದ ಹತ್ತಂಕಿಯ ಸಂಖ್ಯೆಯನ್ನು ನನ್ನಿಂದ ಬರೆದುಕೊಳ್ಳಲಾಗುವುದಿಲ್ಲ. ಶಾಂತವಾಗಿದ್ದರೆ ಆಗುತ್ತದೆ. ಇದನ್ನು ವೈದ್ಯರಿಗೆ ಹೇಳಿದಾಗ, ತಾಯಂದಿರಿಗೆಲ್ಲ ಹಾಗೆಯೇ ಎಂದು ನಕ್ಕರು. ಒಂದು ಸಂಶೋಧನೆಗೆ ಸ್ವಯಂಸೇವಕಿಯಾಗಿ ಹೋದಾಗ ತಲೆಗೆ ಟೋಪಿಯಂಥದ್ದನ್ನು ತೊಡಿಸಿ, ಅವಕೆಂಪು ಬೆಳಕಿನಿಂದ ಹಣೆಯ ಹಿಂದಿನ ಮೆದುಳಿಗೆ ರಕ್ತ ಹೇಗೆ ಹರಿಯುತ್ತದೆ ಎಂದು ನೋಡುತ್ತ, ಕ್ರಮೇಣ ಕಠಿಣವಾಗುವ ನೆನಪಿನ ಆಟಗಳನ್ನು ಕೊಟ್ಟರು. ಸುಲಭದ ಹಂತದಲ್ಲಿ ನಾನು ಎಲ್ಲರಂತೆಯೇ ಇದ್ದೆನಂತೆ. ಹೊರೆ ಹೆಚ್ಚಿದಾಗ ಬೇರೆಯಾದೆ.

ಏಳಂಕಿ:

ನರಮನೋವಿಜ್ಞಾನದ ಪರೀಕ್ಷೆಗಳನ್ನು ನಡೆಸುವುದು ನನ್ನ ಕೆಲಸ. ಮೌನವಾಹಕಿಯವರು ಹೇಳಿದ "ಹೊರೆ ಹೆಚ್ಚಿದಾಗ" ಎಂಬ ಮಾತಿನಲ್ಲಿಯೇ ವಿಷಯವಿದೆ. ಓಟಿಸಿ ಕೊರತೆಯಲ್ಲಿ ಹಾನಿ ಹೆಚ್ಚಾಗಿ ಹಣೆಯ ಭಾಗದ ಮೆದುಳನ್ನು ಉಳಿದ ಭಾಗಗಳಿಗೆ ಬೆಸೆಯುವ ಬಿಳಿ ತಂತುಗಳಲ್ಲಿ ಆಗುತ್ತದೆ, ಅವುಗಳ ಮೂಲಕ ನಡೆಯುವ ಕೆಲಸಗಳೆಂದರೆ ತಾತ್ಕಾಲಿಕ ನೆನಪನ್ನು ಹಿಡಿದಿಟ್ಟುಕೊಳ್ಳುವುದು, ಒಂದರಿಂದ ಇನ್ನೊಂದಕ್ಕೆ ಗಮನ ತಿರುಗಿಸುವುದು, ತಪ್ಪು ಪ್ರತಿಕ್ರಿಯೆಯನ್ನು ತಡೆಹಿಡಿಯುವುದು, ವೇಗ, ಬೆರಳುಗಳ ಸೂಕ್ಷ್ಮ ಚಲನೆ. ಒಟ್ಟು ಬುದ್ಧಿಯ ಅಂಕ ಎಂಬುದು ಶಬ್ದಜ್ಞಾನ, ಲೋಕಜ್ಞಾನಗಳನ್ನೂ ಸೇರಿಸಿದ ಸರಾಸರಿ. ಅವು ಚೆನ್ನಾಗಿದ್ದರೆ ಕುಗ್ಗಿರುವ ಭಾಗ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ತಪ್ಪನ್ನು ತೋರಿಸಿದರೆ ತಕ್ಷಣ ತಿದ್ದುವ, ಆದರೆ ಬರೆಯುವಾಗ ಒತ್ತಕ್ಷರ ಬಿಡುವ ಹುಡುಗ ನನಗೆ ಸೋಮಾರಿಯಾಗಿ ಕಾಣುವುದಿಲ್ಲ.

ಪರೀಕ್ಷೆ ಮಾಡಿಸುವುದಾದರೆ ಕೆಲವು ಎಚ್ಚರಿಕೆಗಳು. ಒಟ್ಟು ಅಂಕಕ್ಕೆ ತೃಪ್ತರಾಗದೆ ಒಳಗಿನ ಪ್ರತಿಯೊಂದು ವಿಭಾಗದ ಅಂಕವನ್ನೂ ಬರೆಸಿಕೊಳ್ಳಿ. ಜ್ವರ ಬಂದು ಹೋದ ವಾರದಲ್ಲಿ ಮಾಡಿಸಬೇಡಿ. ಅಮೋನಿಯಾ ಮತ್ತು ಗ್ಲುಟಮೈನ್ ಎರಡೂ ಹತೋಟಿಯಲ್ಲಿರುವ, ಚೆನ್ನಾಗಿ ನಿದ್ದೆ ಮಾಡಿರುವ ದಿನವನ್ನು ಆರಿಸಿ, ಆ ದಿನದ ರಕ್ತದ ಫಲಿತಾಂಶವನ್ನು ವರದಿಯ ಜೊತೆಗೇ ಇಡಿ. ಅದೇ ಪರೀಕ್ಷೆಯನ್ನು ಮೂರು ತಿಂಗಳಲ್ಲಿ ಮತ್ತೆ ಮಾಡಿಸಿದರೆ ಅಭ್ಯಾಸದಿಂದಲೇ ಅಂಕ ಏರುತ್ತದೆ, ಮೆದುಳು ಸುಧಾರಿಸಿತೆಂದು ಸುಳ್ಳು ಸಮಾಧಾನವಾಗುತ್ತದೆ, ವರ್ಷಕ್ಕೊಮ್ಮೆ ಸಾಕು. ಬಿಕ್ಕಟ್ಟಿಗೆ ಮುಂಚಿನ ಪರೀಕ್ಷೆ ನಿಮ್ಮಲ್ಲಿ ಇಲ್ಲ, ಯಾರಲ್ಲಿಯೂ ಇರುವುದಿಲ್ಲ. ಆದರೆ ಹಳೆಯ ಶಾಲಾ ಪುಸ್ತಕಗಳಿರಬಹುದು. ದಿನಾಂಕವಿರುವ ಹಳೆಯ ಬರವಣಿಗೆಯ ಪುಟ ಒಂದು ಒಳ್ಳೆಯ ದಾಖಲೆ, ಅದನ್ನು ಪರೀಕ್ಷಿಸುವವರ ಮುಂದಿಡಿ.

ಎಲ್ಲ ರೋಗಕ್ಕೂ ಇದೇ ಪಟ್ಟಿ ಹೊಂದುವುದಿಲ್ಲ. ಯೂರಿಯಾ ಚಕ್ರದ್ದೇ ಆದ ಆರ್ಜಿನೇಸ್ ಕೊರತೆಯಲ್ಲಿ ಅಮೋನಿಯಾ ಅಷ್ಟಾಗಿ ಏರದೆಯೇ ಕಾಲುಗಳು ನಿಧಾನವಾಗಿ ಸೆಟೆದುಕೊಳ್ಳುತ್ತವೆ. ಅಲ್ಲಿ ನಡಿಗೆಯನ್ನು ಅಳೆಯದೆ ನೆನಪನ್ನಷ್ಟೇ ಅಳೆದರೆ ರೋಗ ಕಣ್ತಪ್ಪಿಸಿಕೊಳ್ಳುತ್ತದೆ.

ಹಿರಿಯಕ್ಕ:

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ದಿನ ನನ್ನ ಮಾತನ್ನು ಕೇಳಿ ತಲೆಯಾಡಿಸಿ ಕಳಿಸುತ್ತಿದ್ದವರ ನಡುವೆ ಇದನ್ನೆಲ್ಲ ಓದುವುದೇ ಒಂದು ಬಿಡುಗಡೆ. ಹಳೆಯ ಪುಸ್ತಕಗಳನ್ನು ಅಟ್ಟದಿಂದ ತೆಗೆದಿದ್ದೇನೆ. ಹೊಸ ಸ್ಕ್ಯಾನ್ ಮಾಡಿಸುವುದಾದರೆ ಏನನ್ನು ಕೇಳಿ ಮಾಡಿಸಬೇಕು? ಹಿಂದಿನ ಸಲ ಅವನನ್ನು ಹತ್ತು ಗಂಟೆ ಉಪವಾಸವಿರಿಸಿದ್ದರು, ಸಂಜೆ ವಾಂತಿಯಾಯಿತು.

ನೆರಳುಬೆಳಕು:

ಉಪವಾಸದ ಮಾತು ಮೊದಲು. ಈ ದೋಷ ಇರುವವರನ್ನು ಹಾಗೆ ಬರಿಹೊಟ್ಟೆಯಲ್ಲಿ ಇಡುವುದೇ ಅಪಾಯ, ದೇಹ ತನ್ನದೇ ಪ್ರೋಟೀನನ್ನು ಒಡೆದು ಅಮೋನಿಯಾ ಏರಿಸಿಕೊಳ್ಳುತ್ತದೆ. ಹಾನಿಯನ್ನು ಹುಡುಕಲು ಹೋಗಿ ಹಾನಿ ಮಾಡಿದಂತಾಗುತ್ತದೆ. ಹದಿನಾಲ್ಕು ವರ್ಷದವನಿಗೆ ಸಾಧ್ಯವಾದರೆ ಅರಿವಳಿಕೆಯೇ ಬೇಡ, ಅಲುಗಾಡದೆ ಮಲಗುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿಸಿ. ಅರಿವಳಿಕೆ ಬೇಕೇ ಆದರೆ ದಿನದ ಮೊದಲ ಸರದಿ ಪಡೆದು, ಉಪವಾಸ ಶುರುವಾದ ಹೊತ್ತಿನಿಂದಲೇ ಗ್ಲೂಕೋಸ್ ದ್ರಾವಣವನ್ನು ರಕ್ತನಾಳದ ಮೂಲಕ ಹರಿಸುವಂತೆ ಚಯಾಪಚಯ ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ. (ಬೇರೆ ರೋಗದವರು ಇದನ್ನು ಕಣ್ಣು ಮುಚ್ಚಿ ಅನುಸರಿಸಬಾರದು. ಪೈರುವೇಟ್ ಡಿಹೈಡ್ರೋಜಿನೇಸ್ ಕೊರತೆ ಇರುವವರಿಗೆ ಹೆಚ್ಚಿನ ಗ್ಲೂಕೋಸ್ ಲ್ಯಾಕ್ಟೇಟನ್ನು ಏರಿಸಿ ಕೆಡುಕನ್ನೇ ಮಾಡುತ್ತದೆ.)

ಸ್ಕ್ಯಾನ್‌ನಲ್ಲಿ ಸಾಮಾನ್ಯ ಚಿತ್ರಗಳ ಜೊತೆಗೆ ಎರಡನ್ನು ಕೇಳಿ. ಒಂದು ಡಿಫ್ಯೂಷನ್ ಟೆನ್ಸರ್, ಅದು ನೀರು ತಂತುವಿನ ಉದ್ದಕ್ಕೆ ಎಷ್ಟು ಶಿಸ್ತಾಗಿ ಹರಿಯುತ್ತದೆ ಎಂದು ನೋಡಿ ತಂತುಗಳ ಅಚ್ಚುಕಟ್ಟನ್ನು ಅಳೆಯುತ್ತದೆ. ಓಟಿಸಿ ಕೊರತೆ ಇರುವವರಲ್ಲಿ, ಸಾಮಾನ್ಯ ಚಿತ್ರ ಸರಿಯಾಗಿದ್ದಾಗಲೂ, ಹಣೆಯ ಭಾಗದ ಬಿಳಿ ತಂತುಗಳಲ್ಲಿ ಈ ಅಳತೆ ಕುಗ್ಗಿರುವುದು ಕಂಡುಬಂದಿದೆ. ಇನ್ನೊಂದು ಸ್ಪೆಕ್ಟ್ರೋಸ್ಕೋಪಿ. ಅದರಲ್ಲಿ ಚಿತ್ರದ ಬದಲು ಏರಿಳಿಯುವ ಗೆರೆ ಬರುತ್ತದೆ, ಪ್ರತಿಯೊಂದು ರಾಸಾಯನಿಕಕ್ಕೂ ಅದರಲ್ಲಿ ತನ್ನದೇ ಶಿಖರ: ನರಕೋಶಗಳ ಆರೋಗ್ಯವನ್ನು ಹೇಳುವ ಎನ್‌ಎಎ ಎಂಬ ವಸ್ತು ಗೆರೆಯ ಅಳತೆಪಟ್ಟಿಯಲ್ಲಿ 2.02 ಪಿಪಿಎಂ ಸ್ಥಾನದಲ್ಲಿ, ಲ್ಯಾಕ್ಟೇಟ್ ಜೋಡಿಶಿಖರವಾಗಿ 1.33ರಲ್ಲಿ. ನಿಮ್ಮ ತಮ್ಮನಂಥವರಲ್ಲಿ ಗ್ಲುಟಮೈನ್ ಏರಿರುತ್ತದೆ, ಮಯೋ-ಇನಾಸಿಟಾಲ್ ಇಳಿದಿರುತ್ತದೆ. ಗ್ಲುಟಮೈನ್ ತುಂಬಿ ಊದುತ್ತಿರುವ ಆಸ್ಟ್ರೋಸೈಟ್, ಒಳಗಿನ ಬೇರೆ ವಸ್ತುವನ್ನು ಹೊರಹಾಕಿ ಒತ್ತಡ ಸರಿದೂಗಿಸಿಕೊಳ್ಳುವುದೇ ಇದಕ್ಕೆ ಕಾರಣ. ಲಕ್ಷಣಗಳೇ ಇಲ್ಲದ ವಾಹಕಿಯರಲ್ಲಿಯೂ ಇದು ಕಂಡಿದೆ. ಕಡಿಮೆ ಶಕ್ತಿಯ ಯಂತ್ರದಲ್ಲಿ ಗ್ಲುಟಮೈನ್ ಮತ್ತು ಗ್ಲುಟಮೇಟ್ ಶಿಖರಗಳು ಒಂದರ ಮೇಲೊಂದು ಬೀಳುವುದರಿಂದ 3 ಟೆಸ್ಲಾ ಯಂತ್ರ ಒಳ್ಳೆಯದು.

ಒಬ್ಬ ವ್ಯಕ್ತಿಯ ಟೆನ್ಸರ್ ಫಲಿತಾಂಶದಿಂದ ಅವನ ಭವಿಷ್ಯ ಹೇಳಲಾಗುವುದಿಲ್ಲ ಎಂಬುದನ್ನೂ ಮರೆಯಬೇಡಿ. ಗುಂಪುಗಳ ನಡುವಿನ ವ್ಯತ್ಯಾಸವಾಗಿ ಕಂಡದ್ದನ್ನು ಒಬ್ಬ ಹುಡುಗನ ಹಣೆಗೆ ಅಂಟಿಸಬಾರದು.

ನೇರಪ್ರಶ್ನೆ:

ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯನ್ನು ಯಾರೂ ಹೇಳಲಿಲ್ಲವಲ್ಲ.

ಹನಿರಕ್ತ:

ತುರ್ತು ಘಟ್ಟಕ್ಕೆ ಅದು ಬಹಳ ಮುಖ್ಯ, ನಮ್ಮಿಂದ ಬಿಟ್ಟುಹೋಯಿತು. ಪ್ರಜ್ಞೆಯಿಲ್ಲದ ಶಿಶುವಿನಲ್ಲಿ ಕೈಕಾಲು ಅಲುಗದೆಯೇ ಸೆಳವುಗಳು ನಡೆಯುತ್ತಿರಬಹುದು, ಹಾಸಿಗೆಯ ಪಕ್ಕದ ಇಇಜಿ ಇಲ್ಲದೆ ಅವು ಗೊತ್ತಾಗುವುದೇ ಇಲ್ಲ. ಅಮೋನಿಯಾ ಏರಿದಂತೆ ಅಲೆಗಳ ನಡುವಿನ ನಿಶ್ಶಬ್ದ ಉದ್ದವಾಗುತ್ತದೆ. ಯಂತ್ರದ ಬಳಿಗೆ ಒಯ್ಯಲಾಗದ ರೋಗಿಗೆ ಮೆದುಳಿನ ಸ್ಥಿತಿಯನ್ನು ಗಂಟೆಗಂಟೆಗೂ ಹೇಳಬಲ್ಲದ್ದು ಅದೊಂದೇ.

ಒಂದು ಹಳೆಯ ಸಂಗತಿ ನೆನಪಾಗುತ್ತಿದೆ. 1934ರಲ್ಲಿ ನಾರ್ವೆಯ ವೈದ್ಯ ಆಸ್ಬ್ಯೋರ್ನ್ ಫೋಲಿಂಗ್ ಪಿಕೆಯು ರೋಗವನ್ನು ಕಂಡುಹಿಡಿದದ್ದು, ಬುದ್ಧಿ ಬೆಳೆಯದ ತನ್ನ ಇಬ್ಬರು ಮಕ್ಕಳ ಮೈಯಿಂದ ಬರುವ ವಿಚಿತ್ರ ವಾಸನೆಗೆ ಕಾರಣ ಕೇಳುತ್ತ ವೈದ್ಯರಿಂದ ವೈದ್ಯರಿಗೆ ಅಲೆದ ಒಬ್ಬ ತಾಯಿಯ ಹಟದಿಂದ. ಅವರು ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ಆಗ ಹಾನಿ ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಕಾರಣ ಕಾಣುತ್ತಿರಲಿಲ್ಲ. ಹಿರಿಯಕ್ಕನವರ ಮನೆಯಲ್ಲಿ ಈಗ ಅದು ತಲೆಕೆಳಗಾಗಿದೆ.

ಹಿರಿಯಕ್ಕ:

ಹತ್ತು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ನರಮನೋವಿಜ್ಞಾನದ ಪರೀಕ್ಷೆ ಆಯಿತು. ಎರಡು ಬೆಳಗಿನ ಹೊತ್ತುಗಳಲ್ಲಿ, ಅಮೋನಿಯಾ 38 ಇದ್ದ ವಾರದಲ್ಲಿ. ಶಬ್ದಜ್ಞಾನದಲ್ಲಿ ಅವನು ತನ್ನ ವಯಸ್ಸಿನವರಿಗಿಂತ ಮುಂದಿದ್ದಾನೆ. ತಾತ್ಕಾಲಿಕ ನೆನಪು ಮತ್ತು ವೇಗ ಎರಡರಲ್ಲೂ ಗಣನೀಯವಾಗಿ ಹಿಂದಿದ್ದಾನೆ. ಪರೀಕ್ಷಿಸಿದವರು ಐದನೆಯ ತರಗತಿಯ ಪುಸ್ತಕವನ್ನೂ ಈಗಿನದನ್ನೂ ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಶಾಲೆಗೆ ಬರೆದುಕೊಟ್ಟ ಪತ್ರದಲ್ಲಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಡಬೇಕೆಂದೂ, ಸೂಚನೆಗಳನ್ನು ಒಂದೊಂದಾಗಿ ಬರೆದು ಕೊಡಬೇಕೆಂದೂ ಇದೆ. ಪತ್ರವನ್ನು ಓದಿದ ತಮ್ಮ ಕೇಳಿದ್ದು ಒಂದೇ ಮಾತು: "ಹಾಗಾದರೆ ನಾನು ಸೋಮಾರಿಯಲ್ಲ ಎಂದು ಇದರಲ್ಲಿ ಬರೆದಿದೆಯಾ?"

ಸ್ಕ್ಯಾನ್ ಮುಂದಿನ ತಿಂಗಳು, ಅರಿವಳಿಕೆಯಿಲ್ಲದೆ. ಸ್ಪೆಕ್ಟ್ರೋಸ್ಕೋಪಿ ಸೇರಿಸಲು ಒಪ್ಪಿದ್ದಾರೆ. ನ್ಯೂರೋಫಿಲಮೆಂಟ್‌ಗಾಗಿ ಒಂದು ಮಾದರಿಯನ್ನು ಈಗ ಆರೋಗ್ಯವಾಗಿರುವಾಗಲೇ ತೆಗೆಸಿ ಇಡಿಸಿದ್ದೇನೆ.

ನೆರಳುಬೆಳಕು:

ಸ್ಪೆಕ್ಟ್ರೋಸ್ಕೋಪಿಯ ಅಳತೆಪೆಟ್ಟಿಗೆಯನ್ನು ಮೆದುಳಿನ ಯಾವ ಜಾಗದಲ್ಲಿ ಇಟ್ಟಿದ್ದರು, ಎಕೋ ಸಮಯ (ಯಂತ್ರ ಸ್ಪಂದ ಕಳಿಸಿದ ಮೇಲೆ ಮರಳುವ ಸಂಕೇತವನ್ನು ಓದಲು ಕಾಯುವ ಹೊತ್ತು) ಎಷ್ಟಿತ್ತು, ಯಂತ್ರ ಯಾವುದು, ಈ ಮೂರನ್ನೂ ಅಂದೇ ವರದಿಯಲ್ಲಿ ಬರೆಸಿಕೊಳ್ಳಿ. ಎಕೋ ಸಮಯ ಬದಲಾದರೆ ಶಿಖರಗಳ ಎತ್ತರವೂ ಬದಲಾಗುತ್ತದೆ. ಎರಡು ವರ್ಷದ ನಂತರ ಮತ್ತೆ ತೆಗೆದಾಗ ಅವೆರಡನ್ನು ಹೋಲಿಸಲು ಕೂರುವವರು ಬೇರೆಯವರಾಗಿರುತ್ತಾರೆ.